ಸ್ಪ್ಯಾನಿಷ್ ಧಾಟಿ, ಡೊಂಬಿವಲಿ ಪದ

ಡೊಂಬಿವಲಿ ಪೂರ್ವ
14 ಜೂನ್ 2009

ವೇದಿಕೆಯ ಮೇಲೆ ಆಸೀನರಾಗಿರುವ ಗಣ್ಯರೇ, ಕೆಳಗೆ ಫ್ಯಾನಿನಡಿಯ ಕುರ್ಚಿಗಾಗಿ ಹೊಡೆದಾಡಿ ಗೆದ್ದಿರುವ ಮಾನ್ಯರೇ, ಹಿಂದಿನ ಸಾಲಿನಲ್ಲಿ ಸಾಂಬಾರಿನ ಪರಿಮಳಕ್ಕೆ ಮೂಗು ತಿರುಗಿಸಿ ಕುಳಿತಿರುವ ರಸಿಕರೇ, ಮತ್ತು ಈ ಯಾವ ಸಾಲಿನಲ್ಲೂ ಕಾಣಿಸದೆ ಸಾನಪಾಡಾದ ಪೇಯಿಂಗ್ ಗೆಸ್ಟ್ ಕೋಣೆಯೊಂದರಲ್ಲಿ ಅಡಗಿರುವ ನನ್ನ ಏಕೈಕ ಪುತ್ರಿಯೇ,

ಈ ಶುಭ ಸಂದರ್ಭದಲ್ಲಿ ಎರಡು ಮಾತನಾಡಬೇಕೆಂದು ನನ್ನನ್ನು ಯಾರೂ ಕೇಳಿಕೊಂಡಿಲ್ಲ. ಆದರೆ ಕನ್ನಡ ಸಂಘದ ಕಾರ್ಯಕ್ರಮಗಳಲ್ಲಿ ವರ್ಷಾನುಗಟ್ಟಲೆ ನಿರೂಪಣೆ ಮಾಡಿದವನಿಗೆ ಮೈಕು ಇಲ್ಲದಿದ್ದರೂ ಗಂಟಲು ತುರಿಸುತ್ತದೆ. ಕಾರ್ಕಳದಲ್ಲಿ ಕನ್ನಡ ಮಾಧ್ಯಮದಲ್ಲಿ ಬಿ.ಎ. ಮಾಡಿ, ಠಾಣೆಯ ಸಾಗಣೆ ಕಂಪನಿಯಲ್ಲಿ ಲಾರಿಗಳಿಗೆ ದಾರಿ ತೋರಿಸುತ್ತ, ತನಗೆ ದಾರಿ ಕಾಣದಾದಾಗ ಪ್ರಾಸ ಹುಡುಕುವವನ ಪಾಡು ಇದು.

ಡೊಂಬಿವಲಿಯಿಂದ ಸಾನಪಾಡಾಕ್ಕೆ ಠಾಣೆಯಲ್ಲಿ ಒಂದು ಗಾಡಿ ಬದಲಿಸಿದರೆ ಮುಗಿಯಿತು. ಅಂಚೆಯವನು ಅಷ್ಟೇ ದೂರಕ್ಕೆ ನಾಲ್ಕು ದಿನ ತೆಗೆದುಕೊಳ್ಳುತ್ತಾನೆ, ಬಹುಶಃ ನಡೆದೇ ಹೋಗುತ್ತಾನೆ. "ಫೋನ್ ಮಾಡ್ಲಿಕ್ಕೆ ಎಂಥ ನಿಮಗೆ? ಬೆರಳು ಬಿದ್ದುಹೋಗಿದೆಯಾ?" ಎಂದು ನಿನ್ನ ಅಮ್ಮ ಜಯಲತಾ ಕೇಳುತ್ತಾಳೆ. ಬೆರಳು ಸರಿಯಿದೆ ಮಗಳೇ, ಕಿವಿ ಸರಿಯಿಲ್ಲ. ನಿನ್ನ ನಂಬರು ಒತ್ತಿದರೆ ಟ್ರಿಣ್ ಟ್ರಿಣ್ ಎನ್ನಬೇಕಾದ ಜಾಗದಲ್ಲಿ ಆ ನಾಲ್ವರು ಹಾಡಲು ಶುರು ಮಾಡುತ್ತಾರೆ. ಅದೇ, ಅಂಗಿಯ ಗುಂಡಿ ಹಾಕುವ ಅಭ್ಯಾಸವಿಲ್ಲದ ಲ್ಯಾಟಿನ್ ಅಮೆರಿಕದ ನಾಲ್ವರು. ನಿನ್ನ ಅಮ್ಮನೋ, ನಂಬರು ಒತ್ತಿ ಕೈಯನ್ನು ಉದ್ದಕ್ಕೆ ಚಾಚಿ ಫೋನನ್ನು ದೂರ ಹಿಡಿಯುತ್ತಾಳೆ. ನೀನು ಹಲೋ ಎಂದ ಮೇಲೆ ಕಿವಿಗೆ ತಂದು "ಒಣಸ್ ಆಂಡಾ?" ಎಂದು ಕೇಳುತ್ತಾಳೆ. ಊಟದ ವಿಷಯ ಮುಗಿದ ಮೇಲೆ ಇಬ್ಬರೂ ಇಟ್ಟುಬಿಡುತ್ತೀರಿ. ನನ್ನ ಕೈ ಅಷ್ಟು ಉದ್ದವಿಲ್ಲ.

ಆದ್ದರಿಂದ ಸಭೆಯ ಪರವಾಗಿ ವಿನಂತಿ: ಆ ಕಾಲರ್ ಟ್ಯೂನ್ ತೆಗೆದುಹಾಕು. ಗಣಪತಿಯ ಶ್ಲೋಕ ಹಾಕು, ನಾಯಿ ಬೊಗಳಿದ್ದು ಹಾಕು, ನನಗೆ ಅಡ್ಡಿಯಿಲ್ಲ.

ಮನೆಯ ವಾರ್ತೆ: ಒಳಗಿನ ಕೋಣೆಯ ಫ್ಯಾನು ರಿಪೇರಿಯಾಯಿತು. ಅಲ್ಲಿ ಈಗ ಯಾರೂ ಮಲಗುವುದಿಲ್ಲವಾದ್ದರಿಂದ ಬಹಳ ಚೆನ್ನಾಗಿ ತಿರುಗುತ್ತಿದೆ.

ಇತಿ, ಪ್ರಾಸಕ್ಕೆ ಬದ್ಧ, ಪಗಾರಕ್ಕೂ ಬದ್ಧ,
ವಸಂತಕುಮಾರ


ಸಾನಪಾಡಾ
28 ಜೂನ್ 2009

ಅಪ್ಪ,

ಗಣ್ಯರಿಗೆ, ಮಾನ್ಯರಿಗೆ, ರಸಿಕರಿಗೆ ನನ್ನ ನಮಸ್ಕಾರ ಹೇಳಿ. ನನ್ನ ಕನ್ನಡ ನೀವು ಭಾನುವಾರಗಳಲ್ಲಿ ಕೂರಿಸಿ ಕಲಿಸಿದ್ದು, ಆದ್ದರಿಂದ ತಪ್ಪಿದ್ದರೆ ನಿಮ್ಮದೇ.

ಪತ್ರದಲ್ಲಿ ಎಲ್ಲರೂ ಇದ್ದಾರೆ. ಅಂಚೆಯವನೂ ಇದ್ದಾನೆ. ಒಬ್ಬನ ಹೆಸರು ಮಾತ್ರ ಇಲ್ಲ. ನಾನೇ ಬರೆಯುತ್ತೇನೆ. ಸಮಿತ್. ನನ್ನ ತಮ್ಮ, ನಿಮ್ಮ ಮಗ. ಒಳಗಿನ ಕೋಣೆ ಅವನದ್ದು.

ಆ ಹಾಡು ಕೂಡ ಅವನದ್ದೇ. ಟಿವಿಯಲ್ಲಿ ದಿನಕ್ಕೆ ಎಷ್ಟು ಸಲ ಬರುತ್ತಿತ್ತು ಆ ಬೇಸಿಗೆಯಲ್ಲಿ! ಠಾಣೆ ಸ್ಟೇಷನ್ನಿನ ಸೇತುವೆಯ ಮೇಲಿಂದ ನಕಲಿ ಸಿಡಿ ತಂದ. ಒಂದು ಅಕ್ಷರದ ಅರ್ಥ ಗೊತ್ತಿಲ್ಲದೆ ಪೂರ್ತಿ ಬಾಯಿಪಾಠ ಮಾಡಿದ. ಸಂಘದ ವಾರ್ಷಿಕೋತ್ಸವದಲ್ಲಿ ಹಾಡುತ್ತೇನೆ ಎಂದಾಗ ಅಧ್ಯಕ್ಷ ಶೇಖರ ಅಂಕಲ್ ಏನೆಂದರು? ಧಾಟಿ ಯಾವ ದೇಶದ್ದಾದರೂ ಆಗಲಿ, ಪದ ಮಾತ್ರ ಕನ್ನಡದ್ದಿರಬೇಕು, ಸಂಘದ ನಿಯಮ. ನೀವು ಒಂದೇ ಸಂಜೆಯಲ್ಲಿ ಪದ ಕೂರಿಸಿಕೊಟ್ಟಿರಿ. ಅವನಿಗೆ ಕನ್ನಡ ಓದಲು ಬಾರದು. ನೀವು ಹೇಳಿದ್ದನ್ನು ಮರಾಠಿ ಅಕ್ಷರದಲ್ಲಿ ಬರೆದುಕೊಂಡ.

"ಬಾಗಿಲೇ ನನ್ನ ಸಿಂಹಾಸನ, ಬೀಸೋ ಗಾಳಿ ಚಾಮರ,
ಒಳಗೆ ಸೀಟು ಸಿಕ್ಕವನಿಗೆ ಎಲ್ಲಿ ಈ ಸಡಗರ?"

ಅವನು ಅಳಿಸುವ ಹಾಡು ಹಾಡಬೇಕೆಂದಿದ್ದ. ನೀವು ಲೋಕಲ್ ಗಾಡಿಯಲ್ಲಿ ನೇತಾಡುವ ಹಾಡು ಮಾಡಿದಿರಿ. ಹಾಲ್ ನಕ್ಕು ನಕ್ಕು ಒನ್ಸ್ ಮೋರ್ ಕೇಳಿತು. ಅವನೂ ನಕ್ಕ, ಎರಡನೇ ಸಲ ಇನ್ನೂ ಚೆನ್ನಾಗಿ ಹಾಡಿದ. ಕಳೆದ ವರ್ಷ ಜುಲೈಯಲ್ಲಿ ಮುಂಬ್ರಾದ ತಿರುವಿನಲ್ಲಿ ಗಾಡಿಯ ಬಾಗಿಲಿನಿಂದ ಬಿದ್ದ.

ನಿಮ್ಮ ಪದದಿಂದ ಬಿದ್ದ ಅಂತ ನಾನು ಯಾವತ್ತೂ ಹೇಳಿಲ್ಲ ಅಪ್ಪ. ರಶ್ಶಿನಿಂದ ಬಿದ್ದ. ಆದರೆ ನೀವು ಬಾಯಿ ಬಿಡದೆ ಹಾಗಂತ ಹೇಳಿಕೊಳ್ಳುತ್ತಾ ಇದ್ದೀರಿ. ಹೊರಗೆ ಜೋಕು, ಒಳಗೆ ಅದು. ಅದೇ ಮನೆಯಲ್ಲಿ ಕೂತು ಅದನ್ನು ನೋಡುವುದು ನನ್ನಿಂದ ಆಗಲಿಲ್ಲ. ನೌಕರಿ ವಾಶಿಯಲ್ಲಿ, ಹತ್ತಿರವಾಗುತ್ತದೆ ಎಂದು ಬಂದದ್ದು ಸುಳ್ಳು.

ಕಾಲರ್ ಟ್ಯೂನ್‌ನಲ್ಲಿ ಗಾಡಿಯಿಲ್ಲ, ಬಾಗಿಲಿಲ್ಲ. ಅವನು ಮೊದಲು ಕಲಿತ ಪದಗಳಿವೆ, ಅಷ್ಟೆ. ತೆಗೆಯುವುದಿಲ್ಲ. ನನ್ನ ಹತ್ತಿರ ಮಾತಾಡಬೇಕೆಂದರೆ ಕೇಳಿಸಿಕೊಂಡು ಮಾತಾಡಿ.

ನಿಕಿತಾ


ಡೊಂಬಿವಲಿ ಪೂರ್ವ
2 ಆಗಸ್ಟ್ 2009

ಆಗಮಿಸಿ, ಊಟ ಮಾಡಿ, ಪಾಯಸ ಬಡಿಸುವ ಮೊದಲೇ ನಿರ್ಗಮಿಸಿದ ಮುಖ್ಯ ಅತಿಥಿಗಳೇ,

ವರ್ಷಾಂತಿಕಕ್ಕೆ ಬಂದೆಯಲ್ಲ, ಸಂತೋಷ. ಶಿಳ್‌ಫಾಟಾ ಮೇಲಿಂದ ಬಸ್ಸಿನಲ್ಲಿ ಬಂದು ಬಸ್ಸಿನಲ್ಲೇ ಹೋದೆ. ಗಾಡಿಯಲ್ಲಿ ಬಂದಿದ್ದರೆ ಬೇಗ ಆಗುತ್ತಿತ್ತು ಎಂದು ಭಟ್ಟರು ಹೇಳಿದರು. ಭಟ್ಟರಿಗೆ ಎಲ್ಲ ಮಂತ್ರ ಗೊತ್ತು, ಯಾವಾಗ ಸುಮ್ಮನಿರಬೇಕೆಂಬ ಮಂತ್ರ ಒಂದು ಬಿಟ್ಟು. ನಾನು ದಿನಾ ಆ ದಾರಿಯಲ್ಲೇ ಹೋಗಿಬರುತ್ತೇನೆ. ದಿವಾ ಬಿಟ್ಟ ಕೂಡಲೇ, ಆ ತಿರುವು ಬರುವ ಮೊದಲೇ, ಪೇಪರ್ ಬಿಡಿಸುತ್ತೇನೆ. ಕಳ್ವಾ ಬಂದ ಮೇಲೆ ಎದುರಿನವರು "ಕಾಕಾ, ಪೇಪರ್ ಉಲ್ಟಾ" ಎನ್ನುತ್ತಾರೆ. ಸೀಧಾ ಹಿಡಿದರೂ ಸುದ್ದಿ ಅಷ್ಟೇ ಅಲ್ಲವೇ?

ನೀನು ಹೋದ ಮೇಲೆ ವಿಶಾಲ್ ಬಂದಿದ್ದ. ಆ ದಿನ ಅದೇ ಬಾಗಿಲಲ್ಲಿ ಪಕ್ಕದಲ್ಲಿ ನಿಂತಿದ್ದ ಹುಡುಗ. ಏನೋ ಹೇಳಲಿಕ್ಕೇ ಬಂದಿದ್ದ ಎಂದು ಮುಖ ನೋಡಿದರೆ ತಿಳಿಯುತ್ತಿತ್ತು. ಬಾಯಿ ತೆರೆದಾಗಲೆಲ್ಲ ನಾನು ಚಹಾ ತರಿಸಿದೆ. "ಬಸ್ ಅಂಕಲ್, ನಕೋ ಆತಾ" ಎಂದರೂ ಬಿಡಲಿಲ್ಲ. ಇನ್ನೊಂದು ಲೋಟ ತಂದಿದ್ದರೆ ಅವನು ಚಹಾದಲ್ಲೇ ಮುಳುಗುತ್ತಿದ್ದ. ಕೊನೆಗೆ ಚಪ್ಪಲಿ ಹಾಕಿಕೊಳ್ಳುತ್ತ, ನೆಲ ನೋಡಿಕೊಂಡು ಹೇಳಿಯೇಬಿಟ್ಟ: "ತೋ ಗಾತ್ ಹೋತಾ, ಅಂಕಲ್. ತೇಚ್ ಗಾಣಂ." ಅವನು ಹಾಡುತ್ತಿದ್ದನಂತೆ. ಅದೇ ಹಾಡು.

ಒಂದೇ ಧಾಟಿಗೆ ಎರಡು ಪದ ಇದ್ದವಲ್ಲ, ಯಾವುದು ಎಂದು ಕೇಳಬೇಕಿತ್ತು. ನಾನು ಜೋಪಾನವಾಗಿ ಹೋಗು ಎಂದು ಹೇಳಿ ಬಾಗಿಲು ಹಾಕಿಕೊಂಡೆ.

ಪಾಯಸ ಉಳಿದಿತ್ತು. ಮರುದಿನ ಹುಳಿಯಾಯಿತು.

ಇತಿ, ಮಾತಿಗೆ ಮಲ್ಲ, ಪ್ರಶ್ನೆಗೆ ಇಲ್ಲ,
ವಸಂತಕುಮಾರ


ಸಾನಪಾಡಾ
20 ಸೆಪ್ಟೆಂಬರ್ 2009

ಅಪ್ಪ,

ನೀವು ಕೇಳದ್ದನ್ನು ನಾನು ಕೇಳಿದೆ. ವಿಶಾಲನನ್ನು ವಾಶಿ ಸ್ಟೇಷನ್ನಿನ ಕೆಳಗೆ ಭೇಟಿಯಾದೆ. ಯಾವ ಪದ ಹಾಡುತ್ತಿದ್ದ, ಕನ್ನಡದ್ದೋ ಆ ಸ್ಪ್ಯಾನಿಷ್ಷೋ ಅಂತ ಕೇಳಿದೆ. "ಮಲಾ ಕಾಯ್ ಸಮಜಣಾರ್, ತಾಯಿ? ಮಲಾ ದೋನ್ಹೀ ಸೇಮ್" ಎಂದ. ನನಗೇನು ತಿಳಿಯಬೇಕು ಅಕ್ಕ ಅಂತ. ಅವನಿಗೆ ಎರಡೂ ಒಂದೇ. ಎರಡೂ ತಿಳಿಯದ ಭಾಷೆ. ಹೇಳುತ್ತ ಹೇಳುತ್ತ ರಸ್ತೆಯಲ್ಲೇ ಅಳಲು ಶುರು ಮಾಡಿದ. ನಾನು ಅವನನ್ನು ಸಮಾಧಾನ ಮಾಡಬೇಕಾಯಿತು.

ಹಾಗಾಗಿ ಯಾರಿಗೂ ಗೊತ್ತಿಲ್ಲ. ಇನ್ನು ಗೊತ್ತಾಗುವುದೂ ಇಲ್ಲ. ನೀವು ನಿಮ್ಮ ಪದವೇ ಎಂದು ತೀರ್ಮಾನ ಮಾಡಿಬಿಟ್ಟಿದ್ದೀರಿ, ನನಗೆ ಗೊತ್ತು.

ನನ್ನ ರೂಮ್‌ಮೇಟ್ ರಮಿತಾ ಆಫೀಸಿನ ಕಂಪ್ಯೂಟರಿನಲ್ಲಿ ಹಾಡಿನ ಅರ್ಥ ಹುಡುಕಿ ಕೊಟ್ಟಳು. ದೊಡ್ಡದೇನೂ ಇಲ್ಲ. ಜಗಳವಾಡಿ ಮಾತು ಬಿಟ್ಟವಳಿಗೆ ಒಬ್ಬ ಹೇಳುತ್ತಾನೆ: ಬೈಯುವುದಾದರೆ ಬೈ, ನನ್ನ ಚಹಾದ ಕಪ್ ಒಡೆದು ಹಾಕು, ಪಕ್ಕದ ಮನೆಯವರೆಲ್ಲ ಕೇಳಲಿ, ಈ ಮನೆಯಲ್ಲಿ ಏನಾದರೂ ಸದ್ದಾಗಲಿ. ಅಷ್ಟೇ ಅಪ್ಪ. ಇಷ್ಟಕ್ಕೆ ನಾಲ್ಕು ಜನ ಬೇಕಾಗಿತ್ತಾ ಅಂತ ಸಮಿತ್ ಆಗಿದ್ದರೆ ಕೇಳುತ್ತಿದ್ದ.

ಫೋನ್ ಮಾಡಿ.

ನಿಕಿತಾ


ಡೊಂಬಿವಲಿ ಪೂರ್ವ
6 ಡಿಸೆಂಬರ್ 2009

ಸಹೃದಯರೇ, ಸಹಪ್ರಯಾಣಿಕರೇ, ಸಹನಾಮೂರ್ತಿಗಳೇ,

ಉತ್ತರ ಬರೆಯಲು ತಡವಾಯಿತು. ದೀಪಾವಳಿ ಬಂತು, ಹೋಯಿತು. ಕೆಳಗಿನ ಮನೆಯವರು ಮಾಡಿದ ಸದ್ದಿನಲ್ಲೇ ನಮ್ಮದೂ ಆಯಿತು.

ಈಗ ಗಂಭೀರ ವಿಷಯ. ಮೊನ್ನೆ ಸಂಘದ ಅಧ್ಯಕ್ಷ ಶೇಖರಣ್ಣ ಮನೆಗೆ ಬಂದಿದ್ದರು. ಕೈಯಲ್ಲಿ ಒಂದು ಕಿಲೋ ಸೇಬು. ಸೇಬು ತಂದರೆಂದರೆ ಕೇಳುವುದು ಏನೋ ದೊಡ್ಡದೇ ಇದೆ ಎಂದು ಗೊತ್ತಾಯಿತು.

"ಜನವರಿಯಲ್ಲಿ ವಾರ್ಷಿಕೋತ್ಸವ ಉಂಟಲ್ಲ ವಸಂತಣ್ಣ, ಈ ಸಲ ನಿಮ್ಮ ಹುಡುಗನ ನೆನಪಿಗೆ ಅಂತ ಒಂದು ಮಾಡುವ. ಅವನದ್ದೇ ಹಾಡು. ನಮ್ಮ ಮಕ್ಕಳ ಕೈಯಿಂದ ಹಾಡಿಸುವ. ಎಂಥ ಹಾಡು ಮಾರಾಯ್ರೇ ಅದು! ನನ್ನ ಮಗಳು ಈಗಲೂ ಬಾತ್‌ರೂಮಿನಲ್ಲಿ ಹಾಡ್ತಾಳೆ."

"ಯಾವ ಹಾಡು?" ಎಂದೆ. ಗೊತ್ತಿದ್ದೂ ಕೇಳಿದೆ.

"ಅದೇ, ಬಾಗಿಲೇ ನನ್ನ ಸಿಂಹಾಸನ."

ನಿನ್ನ ಅಮ್ಮ ಅಡುಗೆಮನೆಯಲ್ಲಿ ಸೇಬು ಹೆಚ್ಚುತ್ತಿದ್ದಳು. ಚಾಕುವಿನ ಸದ್ದು ನಿಂತಿತು. ಶೇಖರಣ್ಣನಿಗೆ ತಿಳಿಯಲಿಲ್ಲ. ಅವರು ಒಳ್ಳೆಯ ಮನುಷ್ಯ, ಅದೇ ತೊಂದರೆ. ಕೆಟ್ಟವರಾಗಿದ್ದರೆ ಬಾಗಿಲು ತೋರಿಸಬಹುದಿತ್ತು. ಅವರ ಕಣ್ಣಲ್ಲಿ ನೀರಿತ್ತು. ಪದಗಳು ಏನು ಹೇಳುತ್ತವೆ ಎಂಬುದು ಅವರ ತಲೆಗೇ ಹೋಗಿರಲಿಲ್ಲ. ಅವರಿಗೆ ಅದು ಒಬ್ಬ ಹುಡುಗ ನಗುತ್ತಾ ಹಾಡಿದ ಹಾಡು, ಅಷ್ಟೆ. ಸಂಘದಲ್ಲಿ ಯಾರ ತಲೆಗೂ ಹೋಗಿಲ್ಲ. ಕಮಿಟಿಯಲ್ಲಿ ಎಲ್ಲರೂ ಕೈ ಎತ್ತಿದ್ದಾರಂತೆ.

"ನೀವು ಒಮ್ಮೆ ಹೂಂ ಹೇಳಿ, ಸಾಕು."

ನಾನು ಹೂಂ ಎನ್ನಲಿಲ್ಲ, ಊಹೂಂ ಎನ್ನಲೂ ಇಲ್ಲ. ಶೇಖರಣ್ಣ ಅದನ್ನು ಹೂಂ ಎಂದೇ ತೆಗೆದುಕೊಂಡು ಹೋದರು. ಸೇಬು ಮಾತ್ರ ಚೆನ್ನಾಗಿದ್ದವು.

ಇತಿ, ನಾಲಿಗೆಗೆ ಬೀಗ, ಹೇಳಲೆಂತು ಈಗ,
ವಸಂತಕುಮಾರ


ಸಾನಪಾಡಾ
13 ಡಿಸೆಂಬರ್ 2009

ಅಪ್ಪ,

ಬೇಡ.

ಅಮ್ಮ ಫೋನಿನಲ್ಲಿ ಊಟವಾಯಿತಾ ಎಂದು ಕೂಡ ಕೇಳದೆ ಅತ್ತಳು. ಆ ಪದಗಳನ್ನು ಇನ್ನೊಬ್ಬರ ಮಕ್ಕಳ ಬಾಯಿಗೆ ಹಾಕಿದರೆ ನಾನು ಮತ್ತೆ ಆ ಮನೆಗೆ ಬರುವುದಿಲ್ಲ. ಬೆದರಿಕೆ ಅಲ್ಲ. ಕಾಲು ಏಳುವುದಿಲ್ಲ ಅಷ್ಟೆ.

ಶೇಖರ ಅಂಕಲ್‌ಗೆ ನೀವೇ ಹೇಳಿ. ಜೋಕು ಮಾಡದೆ ಹೇಳಿ.

ನಿಕಿತಾ


ಡೊಂಬಿವಲಿ ಪೂರ್ವ
31 ಜನವರಿ 2010

ಮಾನ್ಯ ಗೈರುಹಾಜರಿಗಳೇ,

ವಾರ್ಷಿಕೋತ್ಸವದ ವರದಿಯನ್ನು ಸಭೆಯ ಮುಂದಿಡುತ್ತಿದ್ದೇನೆ.

ಶೇಖರಣ್ಣನಿಗೆ ಹೇಳಿದೆ. ಜೋಕು ಮಾಡದೆ ಹೇಳಿದೆ, ಒಂದೇ ವಾಕ್ಯ. "ಅದರಲ್ಲಿ ಬಾಗಿಲು ಉಂಟಲ್ಲ ಶೇಖರಣ್ಣ" ಎಂದೆ. ಅವರು ಅಲ್ಲೇ ಮೆಟ್ಟಿಲಿನ ಮೇಲೆ ಕುಳಿತುಬಿಟ್ಟರು. "ಅಯ್ಯೋ ದೇವರೇ, ನನಗೆ ಹೊಳೆಯಲೇ ಇಲ್ಲವಲ್ಲ" ಎಂದು ತಲೆ ಹೊಡೆದುಕೊಂಡರು. ನಾನೇ ಅವರಿಗೆ ನೀರು ಕೊಟ್ಟೆ. ಈ ಮನೆಯಲ್ಲಿ ಬಂದವರನ್ನು ಸಮಾಧಾನ ಮಾಡುವುದೇ ನಮ್ಮ ಕೆಲಸವಾಗಿದೆ.

ಪದ ಬೇಡ, ಬರಿಯ ಧಾಟಿ ಸಾಕು ಎಂದು ತೀರ್ಮಾನವಾಯಿತು. ಕೀಬೋರ್ಡ್ ನುಡಿಸುವವನಿಗೆ ನಾನೇ ಹೇಳಿಕೊಟ್ಟೆ: ಮೊದಲ ಸಾಲು ಮುಗಿದಲ್ಲಿ ಆ ನಾಲ್ವರಲ್ಲಿ ದಪ್ಪ ದನಿಯವನು ಉಸಿರು ಎಳೆದುಕೊಳ್ಳುತ್ತಾನೆ, ಅಲ್ಲಿ ನೀನೂ ಸ್ವಲ್ಪ ನಿಲ್ಲು. ಅವನು ಜಾಣ, ಹಾಗೇ ಮಾಡಿದ.

ಈ ಸಲ ನಿರೂಪಣೆ ನನ್ನದಲ್ಲ. ನಾನು ನಿನ್ನ ಅಮ್ಮನ ಜೊತೆ ಮುಂದಿನ ಸಾಲಿನಲ್ಲಿ ಕುಳಿತಿದ್ದೆ. ದೀಪ ಸ್ವಲ್ಪ ಮಂದ ಮಾಡಿದರು. ಪರದೆಯ ಮೇಲೆ ಫೋಟೋ. ಧಾಟಿ ಶುರುವಾಯಿತು. ಮೊದಲ ಸಾಲು ಮೌನವಾಗಿ ಹೋಯಿತು. ಆ ನಿಲ್ಲುವ ಜಾಗ ಬಂತು. ಅಲ್ಲಿ, ಹಿಂದಿನ ಸಾಲಿನಲ್ಲಿ ಯಾರೋ ಹೆಂಗಸು, ಬಹಳ ಮೆತ್ತಗೆ, ಪ್ರೀತಿಯಿಂದ, "ಒಳಗೆ ಸೀಟು ಸಿಕ್ಕವನಿಗೆ" ಎಂದಳು. ಇನ್ನೊಬ್ಬರು ಸೇರಿದರು. ಆಮೇಲೆ ಇಡೀ ಹಾಲ್. ಮಕ್ಕಳು, ಮುದುಕರು, ಹೋಟೆಲು ಮುಚ್ಚಿ ಬಂದವರು, ಎಲ್ಲರಿಗೂ ಬಾಯಿಪಾಠ. ಒಂದು ಪದವೂ ತಪ್ಪಲಿಲ್ಲ. ಶೇಖರಣ್ಣ ವೇದಿಕೆಯ ಮೇಲೆ ಎರಡೂ ಕೈ ಬೀಸಿ ನಿಲ್ಲಿಸಲು ನೋಡಿದರು. ಅವರು ತಾಳ ಹಾಕುತ್ತಿದ್ದಾರೆ ಎಂದುಕೊಂಡು ಜನ ಚಪ್ಪಾಳೆ ತಟ್ಟಿದರು.

ತಾನು ಬರೆದದ್ದು ಜನರ ನಾಲಿಗೆಯ ಮೇಲೆ ಉಳಿಯಲಿ ಎಂದು ಯಾವ ಕವಿಗೆ ಆಸೆಯಿರುವುದಿಲ್ಲ ಹೇಳು.

ನಿನ್ನ ಅಮ್ಮ ನನ್ನ ಕೈ ಹಿಡಿದುಕೊಂಡಿದ್ದಳು. ಉಗುರಿನ ಗುರುತು ಇನ್ನೂ ಇದೆ. ಮಕ್ಕಳ ಬಾಯಿಗೆ ನಾನು ಹಾಕಲಿಲ್ಲ, ನಿಕಿತಾ. ಮೊದಲೇ ಹಾಕಿಯಾಗಿತ್ತು.

ಇತಿ,
ವಸಂತಕುಮಾರ


ಸಾನಪಾಡಾ
14 ಫೆಬ್ರವರಿ 2010

ಅಪ್ಪ,

ಅಮ್ಮ ಎಲ್ಲ ಹೇಳಿದಳು. ನೀವು ಬರೆಯದ್ದನ್ನೂ ಹೇಳಿದಳು. ಹಾಲ್‌ನಿಂದ ಮನೆಗೆ ಬಂದು ಚಪ್ಪಲಿ ಕೂಡ ಬಿಚ್ಚದೆ ಸಮಿತ್‌ನ ಮಂಚದ ಮೇಲೆ ಕುಳಿತಿದ್ದಿರಂತೆ.

ನಾನು ಹಟ ಮಾಡಿದೆ. ಮೂಲ ಪದಗಳನ್ನು ಕೇಳಿದರೆ ನಿಮ್ಮವು ತೊಳೆದುಹೋಗುತ್ತವೆ ಎಂದುಕೊಂಡಿದ್ದೆ. ಊರಿಗೆ ಊರೇ ಹಾಡುತ್ತಿರುವಾಗ ನನ್ನ ಒಂದು ಫೋನಿನಿಂದ ಏನಾಗುತ್ತದೆ? ನಿಮಗೆ ನೋವು ಕೊಡುವುದೊಂದೇ ಆಯಿತು. ಸಾರಿ ಅಪ್ಪ.

22ರ ಸೋಮವಾರದ ನಂತರ ಆ ಹಾಡು ಇರುವುದಿಲ್ಲ. ನಂಬರೇ ಬದಲಿಸುತ್ತಿದ್ದೇನೆ. ಇನ್ನೊಂದು ಕಾರಣವೂ ಇದೆ, ಅಮ್ಮನಿಗೆ ಹೇಳಬೇಡಿ, ಹೆದರುತ್ತಾಳೆ. ಬಹಳ ತಿಂಗಳಿಂದ ಬ್ಲ್ಯಾಂಕ್ ಕಾಲ್ ಬರುತ್ತಿದೆ. ಆಫೀಸು ಬಿಡುವ ಹೊತ್ತಿಗೆ. ಎತ್ತಿ ಹಲೋ ಎಂದರೆ ಯಾರೂ ಮಾತಾಡುವುದಿಲ್ಲ. ಹಿಂದೆ ಸ್ಟೇಷನ್ನಿನ ಅನೌನ್ಸ್‌ಮೆಂಟ್ ಕೇಳಿಸುತ್ತದೆ, ಕಟ್ ಆಗುತ್ತದೆ. ಒಮ್ಮೆ ತಿರುಗಿ ಮಾಡಿದೆ. ಠಾಣೆಯ ಯಾವುದೋ ಕಾಯಿನ್ ಬಾಕ್ಸ್. ಅಂಗಡಿಯವನು "ಮೇಡಂ, ದಿನ್ ಭರ್ ಪಬ್ಲಿಕ್ ಆತಾ ಹೈ, ಕಿಸ್ ಕಿಸ್ ಕಾ ಮುಂಹ್ ದೇಖೂಂ" ಎಂದು ಇಟ್ಟುಬಿಟ್ಟ. ಯಾರ ಯಾರ ಮುಖ ನೋಡಲಿ ಅಂತ. ಪೊಲೀಸ್ ಕಂಪ್ಲೇಂಟ್ ಕೊಡು ಎನ್ನುತ್ತಾಳೆ ರಮಿತಾ. ಅದೆಲ್ಲ ಬೇಡ, ನಂಬರು ಬದಲಾದರೆ ಮುಗಿಯಿತು.

ಹೊಸ ನಂಬರು ಅಮ್ಮನಿಗೆ ಕೊಡುತ್ತೇನೆ. ಟ್ರಿಣ್ ಟ್ರಿಣ್ ಎಂದೇ ಹೊಡೆದುಕೊಳ್ಳುತ್ತದೆ. ಇನ್ನಾದರೂ ಮಾಡುತ್ತೀರಾ?

ನಿಕಿತಾ


ಠಾಣೆ
18 ಫೆಬ್ರವರಿ 2010

ನಿಕಿತಾ,

ನಂಬರು ಬದಲಿಸಬೇಡ. ಆ ಫೋನು ಮಾಡುತ್ತಿರುವವನು ನಾನು.

ಹೆದರಿಸಿದೆ. ನಿನಗೆ ಹೆದರಿಕೆಯಾಗಬಹುದು ಎಂಬುದೇ ನನಗೆ ಹೊಳೆಯಲಿಲ್ಲ, ಶೇಖರಣ್ಣನಿಗೆ ಹೊಳೆಯದ ಹಾಗೆ. ಆಫೀಸಿನ ಹುಡುಗನ ಕೈಗೆ ಈ ಪತ್ರ ಕೊಟ್ಟು ಕಳಿಸುತ್ತಿದ್ದೇನೆ, ಅಂಚೆಗೆ ಹಾಕಿದರೆ ಸೋಮವಾರ ದಾಟುತ್ತದೆ.

ಆ ಹಾಡು ಕೇಳಲಾಗುವುದಿಲ್ಲ ಎಂದು ಬರೆದದ್ದು ಸುಳ್ಳು. ಮೊದಲ ಪತ್ರ ಬರೆದ ವಾರವೇ ಶುರು ಮಾಡಿದ್ದೆ. ಸಂಜೆ ಗಾಡಿ ಹತ್ತುವ ಮೊದಲು ಪ್ಲಾಟ್‌ಫಾರ್ಮಿನ ಫೋನ್ ಡಬ್ಬಿಯಿಂದ. ಅದನ್ನು ಕೇಳದೆ ಮುಂಬ್ರಾ ದಾಟಲಾಗುವುದಿಲ್ಲ. ಅವರು ಹಾಡಲು ಶುರು ಮಾಡುತ್ತಾರೆ, ಮೇಲಿಂದ ನನ್ನ ಪದ ಬರುತ್ತದೆ. ನನ್ನದನ್ನು ತಡೆದು ಅವರದನ್ನು ಕೇಳಬೇಕು. ಅವನು ಯಾವುದನ್ನು ಹಾಡುತ್ತಿದ್ದ ಎಂದು ನನಗೆ ತಿಳಿಯುವುದಿಲ್ಲ, ಆದರೆ ಅದನ್ನೂ ಹಾಡುತ್ತಿದ್ದಿರಬಹುದು ಎಂದು ನಂಬುವಷ್ಟಾದರೂ ಅದು ನನಗೆ ಕೇಳಿಸಬೇಕು. ಅಷ್ಟರಲ್ಲಿ ನೀನು ಎತ್ತಿಬಿಡುತ್ತೀ. ಹಲೋ ಎನ್ನುತ್ತೀ. ನಿನ್ನ ಹಲೋ ಕೇಳಿದರೆ ನನ್ನ ಬಾಯಿಗೆ ಪ್ರಾಸ ಬರುವುದಿಲ್ಲ, ಬೇರೇನೋ ಬರುತ್ತದೆ. ಅದಕ್ಕೇ ಇಟ್ಟುಬಿಡುತ್ತೇನೆ.

ಸಮಿತ್ ಸತ್ತುಹೋಗಿದ್ದಾನೆ. ಇದನ್ನು ನಾನು ಎಲ್ಲೂ ಬರೆದಿರಲಿಲ್ಲ.

ಇವತ್ತು ಸಂಜೆ ನನ್ನ ಮೊಬೈಲಿನಿಂದ ಮಾಡುತ್ತೇನೆ, ಹೆಸರು ಕಾಣಿಸುತ್ತದೆ. ಸ್ವಲ್ಪ ತಡೆದು ಎತ್ತು. ಎತ್ತದೆ ಇರಬೇಡ. ನಾನು ಮಾತಾಡದಿದ್ದರೂ ಇಡಬೇಡ.

ಅಪ್ಪ